ಸೋತ ಅರಸನ ಹಬ್ಬ: ಕನ್ನಡ ನಾಡಿನ ದೀಪಾವಳಿ

ಶರದೃತುವಿನ ನಡುವೆ, ಆಶ್ವಯುಜ ಬಹುಳ ತ್ರಯೋದಶಿಯ ಸಂಜೆಯಿಂದ ಕಾರ್ತಿಕ ಶುದ್ಧ ಬಿದಿಗೆ ತದಿಗೆಗಳವರೆಗೆ ನಡೆಯುವ ಆಚರಣೆಗಳನ್ನೆಲ್ಲ ದೀಪಾವಳಿ ಎಂಬ ಒಂದೇ ಹೆಸರಿನಡಿ ಸೇರಿಸಿ ಹೇಳುವುದು ಇಂದಿನ ರೂಢಿ. ಆದರೆ ಇವು ಮೂಲದಲ್ಲಿ ಬೇರೆ ಬೇರೆ ಹಬ್ಬಗಳಾಗಿದ್ದು, ಕತ್ತಲ ರಾತ್ರಿಗಳ ನೆರೆಹೊರೆಯಿಂದಲೂ ಮುಂಗಾರಿನ ಬೆಳೆ ಕೈಗೆ ಬರುವ ಕಾಲದ ನೆಮ್ಮದಿಯಿಂದಲೂ ಒಂದಕ್ಕೊಂದು ಅಂಟಿಕೊಂಡವು ಎಂಬುದು ಅವುಗಳ ಇತಿಹಾಸವನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ. ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆ ಅವರು ‘ಧರ್ಮಶಾಸ್ತ್ರದ ಇತಿಹಾಸ’ದ ಐದನೆಯ ಸಂಪುಟದಲ್ಲಿ ಧನಪೂಜೆ, ನರಕಾಸುರನ ವಧೆ, ಲಕ್ಷ್ಮೀಪೂಜೆ, ಬಲಿ ಚಕ್ರವರ್ತಿಯ ಸ್ಮರಣೆ ಮತ್ತು ಸೋದರ ಸೋದರಿಯರ ಬಿದಿಗೆ ಎಂಬ ಐದು ಆಚರಣೆಗಳನ್ನು ಇದರೊಳಗೆ ಬಿಡಿಸಿ ತೋರಿಸಿದ್ದಾರೆ. ಈ ಐದರಲ್ಲಿ ಯಾವುದನ್ನು ಮುಖ್ಯವೆಂದು ಹಿಡಿಯಬೇಕೆಂಬುದನ್ನು ಒಂದೊಂದು ಪ್ರದೇಶವೂ ಒಂದೊಂದು ಸಮುದಾಯವೂ ತಮ್ಮ ಬದುಕಿಗೆ ತಕ್ಕಂತೆ ತೀರ್ಮಾನಿಸಿಕೊಂಡಿವೆ. ಕನ್ನಡ ನಾಡಿನ ಬಹುಭಾಗದಲ್ಲಿ ಹಬ್ಬದ ತೂಕವೆಲ್ಲ ಬಿದ್ದಿರುವುದು ಅಮಾವಾಸ್ಯೆಯ ಲಕ್ಷ್ಮಿಯ ಮೇಲೂ ಅಲ್ಲ, ಅಯೋಧ್ಯೆಗೆ ಮರಳಿದ ರಾಮನ ಮೇಲೂ ಅಲ್ಲ; ವಿಷ್ಣುವಿನ ಅವತಾರವಾದ ವಾಮನನಿಗೆ ಭೂಮಿಯನ್ನು ದಾನ ಕೊಟ್ಟು ಪಾತಾಳ ಸೇರಿ, ಪಾಡ್ಯದ ದಿನ ಅಲ್ಲಿಂದ ತನ್ನ ಪ್ರಜೆಗಳನ್ನು ನೋಡಲು ಬರುವ ಬಲೀಂದ್ರನ, ಎಂದರೆ ಬಲಿ ಚಕ್ರವರ್ತಿಯ, ಮೇಲೆ.

ಹಬ್ಬದ ಹಳೆಯ ದಾಖಲೆಗಳಲ್ಲಿಯೂ ಪಾಡ್ಯಕ್ಕೆ ದೊಡ್ಡ ಸ್ಥಾನವಿದೆ. 7ನೆಯ ಶತಮಾನದ ಹರ್ಷನ ‘ನಾಗಾನಂದ’ ನಾಟಕದಲ್ಲಿ ‘ದೀಪಪ್ರತಿಪದುತ್ಸವ’ ಎಂಬ ಹೆಸರು ಬರುತ್ತದೆ. ಪ್ರತಿಪದ ಎಂದರೆ ಪಾಡ್ಯ. ಆ ಉತ್ಸವದ ಸಲುವಾಗಿ ಹೊಸ ಅಳಿಯ ಜೀಮೂತವಾಹನನಿಗೆ ಅತ್ತೆಯ ಮನೆಯಿಂದ ಕೆಂಪು ವಸ್ತ್ರಗಳ ಉಡುಗೊರೆ ಬರುತ್ತದೆ. ಮದುವೆಯಾದ ಮೊದಲ ವರ್ಷ ಮಗಳು ಅಳಿಯಂದಿರನ್ನು ಕರೆಸಿ, ಎಣ್ಣೆ ನೀರು ಹಾಕಿ, ಹೊಸ ಬಟ್ಟೆ ಕೊಡುವ ‘ಅಳಿಯನ ಹಬ್ಬ’ ಕರ್ನಾಟಕದ ಮನೆಗಳಲ್ಲಿ ಇಂದಿಗೂ ನಡೆಯುತ್ತಿದ್ದು, ಆ ಸಂಪ್ರದಾಯಕ್ಕೆ ಸುಮಾರು 1300 ವರ್ಷಗಳಷ್ಟಾದರೂ ವಯಸ್ಸಾಗಿದೆ ಎಂಬುದು ಈ ಒಂದು ಪ್ರಸಂಗದಿಂದ ಗೊತ್ತಾಗುತ್ತದೆ.

ಜೈನರಿಗೆ ಈ ಅಮಾವಾಸ್ಯೆಯ ಅರ್ಥವೇ ಬೇರೆ. ಕೊನೆಯ ತೀರ್ಥಂಕರನಾದ ಮಹಾವೀರನು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ್ದು ಈ ರಾತ್ರಿಯಲ್ಲಿ ಎಂದೂ, ಅವನ ಹಿರಿಯ ಶಿಷ್ಯ ಗೌತಮ ಗಣಧರನಿಗೆ ಕೇವಲಜ್ಞಾನ, ಎಂದರೆ ಯಾವ ತೆರೆಯೂ ಇಲ್ಲದ ಪೂರ್ಣ ಅರಿವು, ದೊರೆತದ್ದೂ ಅಂದೇ ಎಂದೂ ಅವರು ನಂಬುತ್ತಾರೆ. ಜ್ಞಾನದ ಬೆಳಕು ಹೋಯಿತೆಂದು ಅಂದಿನ ಗಣರಾಜರು ಹಣತೆಗಳನ್ನು ಹಚ್ಚಿಸಿದರೆಂಬ ಕಥೆ ‘ಕಲ್ಪಸೂತ್ರ’ದಲ್ಲಿದೆ. ಮಹಾವೀರನ ನಿರ್ವಾಣಕ್ಕೂ ದೀಪದ ಹಬ್ಬಕ್ಕೂ ಇರುವ ನಂಟನ್ನು ಸ್ಪಷ್ಟವಾಗಿ ಹೇಳುವ ಹಳೆಯ ಕೃತಿಗಳಲ್ಲಿ ಒಂದಾದ ‘ಹರಿವಂಶಪುರಾಣ’ವನ್ನು ಕ್ರಿ.ಶ. 783ರಲ್ಲಿ ಬರೆದ ಜಿನಸೇನಾಚಾರ್ಯನು ಪುನ್ನಾಟ ಸಂಘಕ್ಕೆ ಸೇರಿದವನು. ಪುನ್ನಾಟವು ದಕ್ಷಿಣ ಕರ್ನಾಟಕದ ಪ್ರಾಚೀನ ನಾಡು. ಅಲ್ಲಿಂದ ಹೆಸರು ಪಡೆದ ಮುನಿಸಂಘವೊಂದು ಗುಜರಾತಿನ ಕಡೆಗೆ ಹೋಗಿ ನೆಲೆಸಿದಾಗ ಈ ಗ್ರಂಥ ಹುಟ್ಟಿತು. ಹೀಗಾಗಿ ಜೈನ ಕುಟುಂಬಗಳ ದೀಪಾವಳಿ ಗೆಲುವಿನ ಹಬ್ಬವಲ್ಲ. ಗುರುವನ್ನು ಕಳೆದುಕೊಂಡವರು ಕತ್ತಲಲ್ಲಿ ಕೂತು ತಾವೇ ಬೆಳಕು ಮಾಡಿಕೊಂಡ ನೆನಪು. ಬಸದಿಯಲ್ಲಿ ಬೆಳಗಿನ ಜಾವ ನಿರ್ವಾಣ ಪೂಜೆ ಮಾಡಿ ಲಾಡುಗಳನ್ನು ಅರ್ಪಿಸುವಾಗ ಅದರಲ್ಲಿ ಸಂಭ್ರಮಕ್ಕಿಂತ ಶ್ರದ್ಧೆಯ ಪಾಲು ಹೆಚ್ಚು.

ರಾಷ್ಟ್ರಕೂಟರ ಕಾಲದ ಮನೆಗಳು ಈ ಹಬ್ಬದಲ್ಲಿ ಹೇಗೆ ಕಾಣುತ್ತಿದ್ದವೆಂಬುದಕ್ಕೆ ಸೋಮದೇವ ಸೂರಿಯ ‘ಯಶಸ್ತಿಲಕ ಚಂಪೂ’ ಸಾಕ್ಷಿ. ಮುಮ್ಮಡಿ ಕೃಷ್ಣನು ಆಳುತ್ತಿದ್ದಾಗ, 959ರಲ್ಲಿ, ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಮಗನ ಕಾಲದಲ್ಲಿ ಮುಗಿದ ಈ ಕಾವ್ಯದಲ್ಲಿ ದೀಪೋತ್ಸವದ ವರ್ಣನೆಯಿದ್ದು, ಮನೆಗಳಿಗೆ ಸುಣ್ಣ ಬಳಿಯುವ ವಿಷಯವೂ ಅಲ್ಲಿ ಬರುತ್ತದೆ. ಮಳೆಗಾಲದ ಪಾಚಿ ಹಿಡಿದ ಗೋಡೆಗಳನ್ನು ಕೆರೆದು ಸುಣ್ಣ ಕೆಮ್ಮಣ್ಣು ಬಳಿಯುವ ಕೆಲಸ ಸಾವಿರ ವರ್ಷಗಳಿಂದಲೂ ಈ ಹಬ್ಬದ ಮೊದಲ ಅಂಗವಾಗಿ ಉಳಿದಿದೆ.

ಬಲಿಯ ಬಗೆಗಿನ ಸ್ಪಷ್ಟವಾದ ಮಾತು ಹೊರಗಿನವನೊಬ್ಬನಿಂದ ಬಂದಿದೆ. 1030ರ ಸುಮಾರಿನಲ್ಲಿ ಭಾರತದ ಬಗ್ಗೆ ಬರೆದ ಅಲ್‌ಬಿರೂನಿಯು ಕಾರ್ತಿಕದ ಈ ಹಬ್ಬವನ್ನು ವಿವರಿಸುತ್ತ, ಏಳನೆಯ ಪಾತಾಳದಲ್ಲಿ ಸೆರೆಯಾಗಿರುವ ವಿರೋಚನಪುತ್ರ ಬಲಿಯನ್ನು ಲಕ್ಷ್ಮಿಯು ವರ್ಷಕ್ಕೊಮ್ಮೆ ಬಿಡುಗಡೆ ಮಾಡಿ ಭೂಮಿಗೆ ಹೋಗಿ ಬರಲು ಬಿಡುತ್ತಾಳೆಂದೂ, ಆದ್ದರಿಂದಲೇ ಈ ಹಬ್ಬಕ್ಕೆ ಬಲಿರಾಜ್ಯವೆಂಬ ಹೆಸರಿದೆಯೆಂದೂ ಹೇಳುತ್ತಾನೆ. ಲಕ್ಷ್ಮೀಪೂಜೆಗೂ ಬಲಿಪಾಡ್ಯಮಿಗೂ ನಡುವೆ ಇದ್ದ ಈ ಕೊಂಡಿ ಇಂದಿನ ಮನೆಗಳಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ. ಧರ್ಮಶಾಸ್ತ್ರದ ನಿಬಂಧಗಳು, ಎಂದರೆ ಹಳೆಯ ವಚನಗಳನ್ನು ಒಟ್ಟುಗೂಡಿಸಿ ವಿಧಿಗಳನ್ನು ನಿರ್ಣಯಿಸುವ ಗ್ರಂಥಗಳು, ಪಾಡ್ಯದಂದು ಐದು ಬಣ್ಣದ ಪುಡಿಗಳಲ್ಲಿ ಬಲಿಯನ್ನೂ ಅವನ ಹೆಂಡತಿ ವಿಂಧ್ಯಾವಳಿಯನ್ನೂ ನೆಲದ ಮೇಲೆ ಬರೆದು ಪೂಜಿಸಬೇಕೆನ್ನುತ್ತವೆ. ಅಂದು ಜೂಜಾಡುವುದಕ್ಕೂ ಅವು ಒಪ್ಪಿಗೆ ಕೊಡುತ್ತವೆ. ಇದಕ್ಕಿಂತ ಕುತೂಹಲದ ವಿಧಿಯೆಂದರೆ ಹಗ್ಗ ಜಗ್ಗಾಟ: ದರ್ಭೆಯ ಹಗ್ಗದ ಒಂದು ತುದಿಯನ್ನು ರಾಜಕುಮಾರರೂ ಇನ್ನೊಂದು ತುದಿಯನ್ನು ಕೆಳಜಾತಿಯವರೂ ಹಿಡಿದು ಎಳೆಯಬೇಕು, ಕೆಳಜಾತಿಯವರು ಗೆದ್ದರೆ ಆ ವರ್ಷ ಅರಸನಿಗೆ ಜಯವೆಂದು ತಿಳಿಯಬೇಕು. ಬಲಿಯ ಆಳ್ವಿಕೆಯ ದಿನದಲ್ಲಿ ಎಂದಿನ ಮೇಲು ಕೀಳಿನ ವ್ಯವಸ್ಥೆ ಸ್ವಲ್ಪ ಹೊತ್ತು ಸಡಿಲವಾಗುತ್ತಿತ್ತು, ಅಷ್ಟು ಹೊತ್ತು ಸಡಿಲವಾಗಲೇಬೇಕೆಂದು ಶಾಸ್ತ್ರವೇ ಬಯಸುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಆಧಾರ ಬೇಕಿಲ್ಲ.

ವಿಜಯನಗರಕ್ಕೆ ಬಂದ ಪ್ರವಾಸಿಗಳು ಮಹಾನವಮಿಯ ವೈಭವವನ್ನು ವಿಸ್ತಾರವಾಗಿ ಬರೆದು ದೀಪಾವಳಿಯನ್ನು ಕೆಲವೇ ಮಾತುಗಳಲ್ಲಿ ಮುಗಿಸಿದ್ದಾರೆ. ಮಹಾನವಮಿ ಅರಮನೆಯ ಹಬ್ಬವಾಗಿದ್ದು ದೀಪಾವಳಿ ಮನೆಯೊಳಗಿನದಾಗಿದ್ದುದು ಇದಕ್ಕೆ ಕಾರಣವಿರಬೇಕು. 15ನೆಯ ಶತಮಾನದಲ್ಲಿ ಬಂದ ಇಟಲಿಯ ನಿಕೊಲೊ ಕೊಂಟಿಯು ದೇವಾಲಯಗಳ ಒಳಗೂ ಮಾಡಿನ ಮೇಲೂ ಲೆಕ್ಕವಿಲ್ಲದಷ್ಟು ಎಣ್ಣೆದೀಪಗಳನ್ನು ಹಗಲಿರುಳು ಉರಿಸುವ ಹಬ್ಬವೊಂದನ್ನು ಕುರಿತು ಹೇಳುತ್ತಾನೆ. ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ಅಕ್ಟೋಬರಿನಲ್ಲಿ ಜನರು ಹೊಸವರ್ಷವೆಂದು ಹೊಸ ಬಟ್ಟೆ ತೊಟ್ಟು ಆಚರಿಸಿದ ಹಬ್ಬವೊಂದನ್ನು ದಾಖಲಿಸಿದ್ದು, ವಿಜಯನಗರದ ಇತಿಹಾಸವನ್ನು ಬರೆದ ರಾಬರ್ಟ್ ಸೆವೆಲ್ ಅದನ್ನು 1520ರ ಕಾರ್ತಿಕ ಶುದ್ಧ ಪಾಡ್ಯವೆಂದು ಗುರುತಿಸಿದ್ದಾನೆ. ಯುಗಾದಿಯನ್ನು ವರ್ಷದ ಮೊದಲ ದಿನವೆನ್ನುವ ನಾಡಿನಲ್ಲಿ ಬಲಿಪಾಡ್ಯಮಿಗೂ ಹೊಸವರ್ಷದ ಗೌರವವಿತ್ತೆಂಬುದು ಗಮನಾರ್ಹ ಸಂಗತಿ. ಪಂಚಾಂಗದವರು ಇಂದಿಗೂ ಹೇಳುವ ಮೂರೂವರೆ ಮುಹೂರ್ತಗಳಲ್ಲಿ, ಎಂದರೆ ಬೇರೆ ಮುಹೂರ್ತ ನೋಡದೆ ಶುಭಕಾರ್ಯ ತೊಡಗಬಹುದಾದ ದಿನಗಳಲ್ಲಿ, ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿಗಳ ಜೊತೆಗೆ ಉಳಿದ ಅರ್ಧ ಮುಹೂರ್ತ ಬಲಿಪಾಡ್ಯಮಿಗೆ ಸೇರಿದೆ.

ಬಲಿ ಅರಸನ ನೆನಪು ಬಹಳ ಗಾಢವಾಗಿ ಉಳಿದಿರುವುದು ತುಳುನಾಡಿನಲ್ಲಿ. ಅಲ್ಲಿ ಬರಿದೇ ‘ಪರ್ಬ’ ಎಂದರೆ ದೀಪಾವಳಿ. ಹಾಲೆ ಮರದ ಕೊಂಬೆಯನ್ನು ಕಡಿದು ತಂದು ಅಂಗಳದಲ್ಲಿ ನೆಟ್ಟು, ಕಾಡುಹೂಗಳಿಂದ ಸಿಂಗರಿಸಿ, ಅದರ ಮೇಲೆ ಹಣತೆಯಿಟ್ಟು ಅದನ್ನೇ ಬಲಿಯೇಂದ್ರನೆಂದು ಪೂಜಿಸುತ್ತಾರೆ. ಕತ್ತಲಾದ ಮೇಲೆ ಮನೆಯ ಯಜಮಾನನು ದೀಪ ಹಿಡಿದು ಗದ್ದೆಗೆ, ಹಟ್ಟಿಗೆ, ಗೊಬ್ಬರದ ಗುಂಡಿಗೆ ಹೋಗಿ, ಅವಲಕ್ಕಿ ತೆಂಗಿನಕಾಯಿಗಳನ್ನಿಟ್ಟು, ಬಲಿಯೇಂದ್ರನನ್ನು ಹೆಸರು ಹಿಡಿದು ಕೂಗಿ ‘ಕೂ’ ಎಂದು ದನಿಯೆತ್ತುವಾಗ, ಸುತ್ತಲಿನ ಗದ್ದೆಗಳಿಂದಲೂ ಅದೇ ಕೂಗು ಒಂದಾದ ಮೇಲೊಂದರಂತೆ ಏಳುತ್ತದೆ. ಈ ಕರೆಯ ಹಿಂದಿರುವ ಪಾಡ್ದನದ, ಎಂದರೆ ತುಳುವರ ಮೌಖಿಕ ಕಥನಗೀತದ, ಸಾರ ಇಷ್ಟು: ದಾನ ಕೇಳಿದವನಿಗೆ ಇಲ್ಲವೆನ್ನದ ಅರಸನು ಭೂಮಿಯನ್ನು ಕಳೆದುಕೊಂಡಾಗ, ಕಲ್ಲು ಕಾಯಾಗುವ ಕಾಲಕ್ಕೆ, ಉದ್ದಿನ ಕಾಳು ಮದ್ದಳೆಯಾಗುವ ಕಾಲಕ್ಕೆ ನಿನ್ನ ನಾಡು ನಿನಗೆ ಮರಳುತ್ತದೆ ಎಂಬ ಮಾತನ್ನು ಅವನಿಗೆ ಕೊಡಲಾಯಿತು. ಎಂದೂ ನಡೆಯದ ಸಂಗತಿಗಳನ್ನು ಗಡುವಾಗಿಟ್ಟು ಕೊಟ್ಟ ಈ ಮಾತಿನ ವಂಚನೆ ಹಾಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಹಾಗಿದ್ದೂ ವರ್ಷಕ್ಕೆ ಮೂರು ದಿನವಾದರೂ ಬಂದು ಹೋಗೆಂದು ಅವರು ಕರೆಯುತ್ತಲೇ ಬಂದಿದ್ದಾರೆ. ದೇವರೆದುರು ಸೋತವನನ್ನು ದೇವರ ಭಕ್ತರೇ ಇಷ್ಟು ಅಕ್ಕರೆಯಿಂದ ನೆನೆಯುವುದು ಯಾವ ಪುರಾಣದ ವ್ಯಾಖ್ಯಾನಕ್ಕೂ ಸುಲಭವಾಗಿ ಸಿಕ್ಕದ ಸತ್ಯ. ಕೇರಳದ ಓಣಂ ಇದೇ ಅರಸನ ಹಬ್ಬವಾದರೂ ಅದು ಸುಮಾರು ಎರಡು ತಿಂಗಳು ಮೊದಲೇ ಮುಗಿದಿರುತ್ತದೆ.

ಘಟ್ಟ ಹತ್ತಿದರೆ ಮಲೆನಾಡಿನವರು ದೀಪಾವಳಿಯನ್ನು ‘ದೊಡ್ಡಹಬ್ಬ’ವೆನ್ನುತ್ತಾರೆ. ಅಲ್ಲಿ ನಸುಕಿನಲ್ಲಿ ಬಾವಿಯಿಂದ ಸೇದಿ ತರುವ ನೀರಿಗೆ ‘ಬೂರೆ ನೀರು’ ಎಂದು ಹೆಸರು. ಆ ನೀರು ತುಂಬಿದ ಕಲಶವೇ ಹಲವು ಮನೆಗಳಲ್ಲಿ ಬಲೀಂದ್ರನಾಗಿ ಕೂರುತ್ತದೆ. ಬೂರೆ ನೀರು ತರುವ ರಾತ್ರಿ ಹುಡುಗರು ಊರವರ ಹಿತ್ತಲಿನಿಂದ ಸೌತೆಕಾಯಿ, ಎಳನೀರು ಮೊದಲಾದವನ್ನು ಕದ್ದರೆ ಯಾರೂ ಅದನ್ನು ಕಳ್ಳತನವೆನ್ನುವುದಿಲ್ಲ. ನಿಬಂಧಗಳು ಒಪ್ಪಿದ ಜೂಜನ್ನೂ ಹಗ್ಗ ಜಗ್ಗಾಟವನ್ನೂ ಈ ಸಲಿಗೆಯ ಕಳವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬಲಿಯ ರಾಜ್ಯವೆಂದರೆ ನನ್ನದು ನಿನ್ನದೆಂಬ ಗೆರೆ ಮಾಸುವ ದಿನಗಳು ಎಂಬ ಹಳೆಯ ಕಲ್ಪನೆ ಇವೆಲ್ಲದರ ಹಿಂದೆ ಇದ್ದಂತೆ ತೋರುತ್ತದೆ. ಅದೇ ಮಲೆನಾಡಿನ ಅನೇಕ ಒಕ್ಕಲು ಮನೆಗಳಲ್ಲಿ ‘ನೋನಿ’ ಎಂಬ ಆಚರಣೆಯಿದ್ದು, ಅಂದು ಭೂತ ಚೌಡಿಗಳಿಗೆ ಕೋಳಿಯ ಬಲಿ ಸಲ್ಲುತ್ತದೆ. ಪಕ್ಕದ ಹವ್ಯಕರ ಮನೆಯಲ್ಲಿ ಹೋಳಿಗೆ, ಇಲ್ಲಿ ಬಾಡೂಟ, ಎರಡೂ ಒಂದೇ ದೊಡ್ಡಹಬ್ಬ.

ಮಲೆನಾಡಿನ ದೀಪಾವಳಿಯ ತಿರುಳನ್ನು ಹೊತ್ತಿರುವುದು ‘ಅಂಟಿಗೆ ಪಂಟಿಗೆ’ ಎಂಬ ಹಾಡಿನ ಸಂಪ್ರದಾಯ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳ ಕಡೆ ಗಂಡಸರ ಒಂದು ತಂಡ ಊರ ದೇವರ ಗುಡಿಯಲ್ಲಿ ಹಚ್ಚಿದ ದೀಪವನ್ನು ಹಿಡಿದು, ಗಾಳಿಗೂ ಹಳ್ಳದ ನೀರಿಗೂ ಆರದಂತೆ ಕಾಪಾಡಿಕೊಂಡು, ಹಬ್ಬದ ರಾತ್ರಿಗಳಲ್ಲಿ ಮನೆಯಿಂದ ಮನೆಗೆ, ಹಳ್ಳಿಯಿಂದ ಹಳ್ಳಿಗೆ ನಡೆಯುತ್ತದೆ. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆರೆಯಿರೆಂದು ಹಾಡಿದ ಮೇಲೆ ಮನೆಯೊಡತಿ ಎದ್ದು ಬಂದು, ಆ ದೀಪದಿಂದ ತನ್ನ ಹಣತೆಯನ್ನು ಹಚ್ಚಿಕೊಂಡು, ಅವರ ದೀಪಕ್ಕೆ ಎಣ್ಣೆ ಹೊಯ್ದು, ಅಕ್ಕಿ, ಕಾಯಿ, ಅಡಿಕೆ, ಕಾಣಿಕೆಗಳನ್ನು ಕೊಡುತ್ತಾಳೆ. ಒಬ್ಬರು ಹೇಳಿಕೊಟ್ಟು ಉಳಿದವರು ದನಿಗೂಡಿಸುವ ಈ ಪದಗಳಲ್ಲಿ ದೀಪದ ಹುಟ್ಟು, ಬಲೀಂದ್ರನ ಕಥೆ, ಗೋವಿನ ಹಾಡು, ಮನೆಯವರಿಗೆ ಹರಕೆ ಎಲ್ಲವೂ ಬರುತ್ತವೆ. ಒಂದು ಊರಿನ ಎಲ್ಲ ಮನೆಗಳಲ್ಲಿ ಒಂದೇ ಮೂಲದ ಬೆಂಕಿ ಉರಿಯಬೇಕೆಂಬ ಆಸೆಯನ್ನು ಇಷ್ಟು ಸರಳವಾಗಿ ನಡೆಸಿ ತೋರಿದ ಪದ್ಧತಿ ಇನ್ನೊಂದು ಸಿಗುವುದು ಕಷ್ಟ. ಕಾಡಿನ ನಡುವೆ ಒಂಟಿಯಾಗಿ ಇರುವ ಮನೆಯ ಹೆಂಗಸಿಗೆ ಆ ರಾತ್ರಿ ಬಾಗಿಲಿಗೆ ಬರುವ ಹಾಡು ತಾನೂ ಊರಿಗೆ ಸೇರಿದವಳೆಂಬ ಭರವಸೆಯಾಗಿತ್ತು.

ಬಯಲುಸೀಮೆಯಲ್ಲಿ ಹಬ್ಬದ ಒಡೆತನ ದನಕರುಗಳದ್ದು. ಧಾರವಾಡ, ಹಾವೇರಿ, ಗದಗ ಮುಂತಾದ ಜಿಲ್ಲೆಗಳಲ್ಲಿ ಪಾಡ್ಯವನ್ನು ‘ಹಟ್ಟಿ ಹಬ್ಬ’ವೆಂದು ಕರೆದು, ಸಗಣಿಯಲ್ಲಿ ಪಾಂಡವರೆಂಬ ಪುಟ್ಟ ಗುಪ್ಪೆಗಳನ್ನು ಮಾಡಿ, ಚೆಂಡು ಹೂ, ಉತ್ತರಾಣಿ ಕಡ್ಡಿಗಳನ್ನು ಸಿಕ್ಕಿಸಿ, ಹೊಸ್ತಿಲು, ಕೊಟ್ಟಿಗೆ, ಒಲೆಗಳ ಬಳಿ ಇಡುತ್ತಾರೆ. ಹಾವೇರಿ, ಶಿಕಾರಿಪುರದ ಸೀಮೆಯಲ್ಲಿ ಹೋರಿಗಳ ಕೊರಳಿಗೆ ಕೊಬ್ಬರಿ ಗಿಟುಕಿನ ಹಾರ ಕಟ್ಟಿ ಜನರ ನಡುವೆ ಓಡಿಸುವ ‘ಹೋರಿ ಬೆದರಿಸುವ ಹಬ್ಬ’ ನಡೆಯುತ್ತದೆ. ಓಡುವ ಹೋರಿಯ ಕೊರಳಿನಿಂದ ಕೊಬ್ಬರಿ ಹರಿದವನು ಗೆದ್ದಂತೆ, ಹರಿಯಗೊಡದ ಹೋರಿ ಊರಿಗೇ ಹೆಮ್ಮೆ. ಈ ಸಾಹಸದಲ್ಲಿ ಜೀವಹಾನಿಯಾದ ಸುದ್ದಿ ಪ್ರತಿ ವರ್ಷ ಎಂಬಂತೆ ಬರುತ್ತಿರುವುದರಿಂದ ಅದಕ್ಕೆ ಕಟ್ಟುನಿಟ್ಟಿನ ನಿಯಮ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ವರ್ಷವೆಲ್ಲ ನೊಗ ಹೊತ್ತ ಎತ್ತನ್ನು ಒಂದು ದಿನ ಮನೆಯ ಮಗನಂತೆ ಮೀಸಿ, ಸಿಂಗರಿಸಿ, ಬಡಿಸಿ ಉಣ್ಣುವುದರಲ್ಲಿ ರೈತ ಕುಟುಂಬಗಳು ಕಂಡುಕೊಂಡ ಅರ್ಥವನ್ನು ಪೇಟೆಯವರು ಹಗುರವಾಗಿ ತಿಳಿಯಬಾರದು.

ಲಂಬಾಣಿ ತಾಂಡಾಗಳಲ್ಲಿ ಈ ಹಬ್ಬ ಹೆಣ್ಣುಮಕ್ಕಳದು. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು ನಾಯಕನ ಮನೆಯಿಂದ ತೊಡಗಿ ಮನೆಮನೆಗೆ ಹೋಗಿ ಹರಸುವ ‘ಮೇರಾ’ ಹಾಡುಗಳನ್ನು ಹೇಳುತ್ತಾರೆ; ಮರುದಿನ ಗುಂಪುಗೂಡಿ ಹೊರಟು ಹೂ ತಂದು ಸಗಣಿಯ ಗುಪ್ಪೆಗಳನ್ನು ಅಲಂಕರಿಸುತ್ತಾರೆ; ಹಿರಿಯರು ಸಿಹಿ ಅಡುಗೆಯನ್ನು ಬೆಂಕಿಗೆ ಅರ್ಪಿಸಿ ಗತಿಸಿದವರನ್ನು ಹೆಸರು ಹೇಳಿ ಕರೆಯುತ್ತಾರೆ. ಮುಂದಿನ ವರ್ಷ ಈ ಗುಂಪಿನಲ್ಲಿ ಯಾರಿರುತ್ತಾರೋ, ಯಾರು ಗಂಡನ ತಾಂಡಾ ಸೇರಿರುತ್ತಾರೋ ಎಂಬ ಅರಿವು ಆ ಹಾಡುಗಳಿಗೆ ಬೇರೆಲ್ಲಿಯೂ ಕಾಣದ ಒಂದು ಆರ್ದ್ರತೆಯನ್ನು ಕೊಟ್ಟಿದೆ.

ವ್ಯಾಪಾರದ ಪೇಟೆಗಳ ಮಾತು ಬೇರೆ. ಹುಬ್ಬಳ್ಳಿ, ದಾವಣಗೆರೆಗಳಂಥ ಊರುಗಳಲ್ಲಿ ಅಂಗಡಿಕಾರರು ಹೊಸ ಕೀರ್ದಿಯನ್ನು, ಎಂದರೆ ದಿನದ ಜಮಾ ಖರ್ಚು ಬರೆಯುವ ಪುಸ್ತಕವನ್ನು, ತಕ್ಕಡಿಯೊಂದಿಗೆ ಲಕ್ಷ್ಮಿಯ ಮುಂದಿಟ್ಟು ಪೂಜಿಸಿ ಹೊಸ ಲೆಕ್ಕ ತೊಡಗುತ್ತಾರೆ. ಕೋಲಾರ, ಬೆಂಗಳೂರು ಸೀಮೆಯಲ್ಲಿ ಕೇದಾರೇಶ್ವರನ ‘ನೋಮು’ ಪ್ರಧಾನವಾಗಿದ್ದು, ಅಕ್ಕಿ ಬೆಲ್ಲದ ಕಜ್ಜಾಯಗಳನ್ನು ಅರ್ಪಿಸಿ ನೋಮುದಾರ ಕಟ್ಟಿಕೊಳ್ಳುವ ಈ ವ್ರತ ವಂಶದಿಂದ ವಂಶಕ್ಕೆ ಬಂದವರಿಗಷ್ಟೇ ಸಲ್ಲುತ್ತದೆ. ನೋಮು ಇಲ್ಲದ ಮನೆಗೆ ನೋಮಿರುವ ಮನೆಯಿಂದ ಕಜ್ಜಾಯ ಹೋಗುವುದೂ ಸಂಪ್ರದಾಯವೇ.

ಯಾರಿಗೆ ಈ ಹಬ್ಬ ಹಬ್ಬವೇ ಅಲ್ಲವೋ ಅಂಥವರೂ ಇದ್ದಾರೆ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರಲ್ಲಿ ಅನೇಕರು ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮ ಹಿರಿಯರ ಕೊಲೆಯಾಯಿತೆಂಬುದು ಅವರ ಕುಟುಂಬಗಳಲ್ಲಿ ಸಾಗಿಬಂದ ನೆನಪು. ಘಟನೆಯ ಸ್ವರೂಪದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲದಿದ್ದರೂ, ಆ ಮನೆಗಳಲ್ಲಿ ದೀಪ ಹಚ್ಚದಿರುವುದೂ ಒಂದು ಆಚರಣೆಯಾಗಿ ನಿಂತಿದೆ. ಇದಲ್ಲದೆ ವರ್ಷದೊಳಗೆ ಸಾವು ಕಂಡ ಮನೆಗಳೂ ಹಬ್ಬದಿಂದ ದೂರ ಉಳಿಯುತ್ತವೆ. ಮುತ್ತೈದೆಯರಷ್ಟೇ ಆರತಿ ಎತ್ತಬೇಕೆಂಬ ಕಟ್ಟಳೆಯಿಂದ ವಿಧವೆಯರನ್ನು ತಮ್ಮದೇ ಮನೆಯಲ್ಲಿ ಬದಿಗೆ ಸರಿಸಿದ ಅನ್ಯಾಯವೂ ಈ ಹಬ್ಬದ ಇತಿಹಾಸದ ಭಾಗವೇ ಆಗಿದ್ದು, ಅದನ್ನು ಮುಚ್ಚಿಡುವುದು ಸರಿಯಲ್ಲ.

ಬಲಿಯ ಕಥೆಗೆ ಆಧುನಿಕ ಕಾಲದಲ್ಲಿ ಹೊಸ ಬಲ ಕೊಟ್ಟವರು ಮರಾಠಿ ಸಮಾಜ ಸುಧಾರಕ ಜೋತಿರಾವ್ ಫುಲೆ. 1873ರಲ್ಲಿ ಪ್ರಕಟವಾದ ‘ಗುಲಾಮಗಿರಿ’ಯಲ್ಲಿ ಅವರು ಬಲಿಯನ್ನು ರೈತರ ನ್ಯಾಯವಂತ ಅರಸನೆಂದೂ, ವಾಮನನನ್ನು ಮೋಸದಿಂದ ನೆಲ ಕಿತ್ತುಕೊಂಡವನೆಂದೂ ಓದಿದರು. ಬಲಿಯ ರಾಜ್ಯ ಮರಳಿ ಬರಲಿ ಎಂದು ಹಬ್ಬದ ದಿನ ಹಾರೈಸುವ ಮರಾಠಿ ಹೆಂಗಸರ ಮಾತು ಆ ಓದಿಗೆ ನೆಲದ ಆಧಾರವಾಗಿತ್ತು. ಅದೇ ವರ್ಷ ಪುಣೆಯಲ್ಲಿ ಅವರು ಕಟ್ಟಿದ ಸತ್ಯಶೋಧಕ ಸಮಾಜದ ವಿಚಾರಗಳು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕಕ್ಕೂ ತಲುಪಿದವು. ತುಳುನಾಡಿನ ಗದ್ದೆಯಲ್ಲಿ ಕೂಗುವ ಒಕ್ಕಲಿಗ ಫುಲೆಯವರನ್ನು ಓದಿರಲಿಲ್ಲ. ಆದರೆ ಇಬ್ಬರೂ ಒಬ್ಬನೇ ಅರಸನನ್ನು ಕರೆಯುತ್ತಿದ್ದರು.

ಹೆಂಗಸರಿಗೆ ಈ ವಾರ ತವರಿನ ವಾರವೂ ಹೌದು, ದುಡಿಮೆಯ ವಾರವೂ ಹೌದು. ತ್ರಯೋದಶಿಯ ಸಂಜೆ ‘ನೀರು ತುಂಬುವ ಹಬ್ಬ’ದಂದು ಹಂಡೆ ಬೆಳಗಿ ಬಳ್ಳಿ ಕಟ್ಟುವವರು, ಚತುರ್ದಶಿಯ ನಸುಕಿಗೆ ಎದ್ದು ಎಲ್ಲರಿಗೂ ಎಣ್ಣೆ ಹಚ್ಚಿ ನೀರು ಹಾಕುವವರು, ಒಲೆಯ ಮುಂದೆ ನಿಲ್ಲುವವರು ಅವರೇ. ಉತ್ತರ ಕರ್ನಾಟಕದಲ್ಲಿ ‘ಭಾವನ ಬಿದಿಗೆ, ಅಕ್ಕನ ತದಿಗೆ’ಗಳೆಂಬ ಎರಡು ದಿನಗಳು ಹಬ್ಬದ ಬಾಲದಲ್ಲಿ ಸೇರಿಕೊಂಡು, ಅಣ್ಣತಮ್ಮಂದಿರಿಗೆ ಆರತಿ ಎತ್ತಿ ಉಡುಗೊರೆ ಪಡೆಯುವ ನೆಪದಲ್ಲಿ ಮದುವೆಯಾದ ಹೆಣ್ಣಿಗೆ ಒಡಹುಟ್ಟಿದವರ ಸಂಗವನ್ನು ಒದಗಿಸುತ್ತವೆ. ಇಂದು ಬೆಂಗಳೂರಿನಿಂದ ಊರುಗಳಿಗೆ ಸಾರಿಗೆ ನಿಗಮ ಈ ದಿನಗಳಲ್ಲಿ ಹೆಚ್ಚುವರಿ ಬಸ್ಸುಗಳನ್ನು ಬಿಡುವುದು ಈ ಹಳೆಯ ಸೆಳೆತ ಇನ್ನೂ ಉಳಿದಿದೆಯೆಂಬುದಕ್ಕೆ ಗುರುತು.

ಪಟಾಕಿ ಈ ಇತಿಹಾಸದಲ್ಲಿ ತೀರ ತಡವಾಗಿ ಬಂದ ಅತಿಥಿ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಬಾಣಬಿರುಸುಗಳನ್ನು ಕಂಡದ್ದು ಮಹಾನವಮಿಯಲ್ಲಿ, ಅರಮನೆಯ ಮುಂದೆ. ಸಾಮಾನ್ಯರ ಮನೆಯಂಗಳಕ್ಕೆ ಅವು ಹೇರಳವಾಗಿ ಬಂದದ್ದು 20ನೆಯ ಶತಮಾನದಲ್ಲಿ ಶಿವಕಾಶಿಯ ಕಾರ್ಖಾನೆಗಳು ಬೆಳೆದ ಮೇಲೆ. 2018ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಸುಡಬೇಕೆಂದು ಗಡಿ ಹಾಕಿದಾಗ ಸಂಪ್ರದಾಯಕ್ಕೆ ಧಕ್ಕೆ ಬಂತೆಂದು ಅಳಲಿದವರು ಎಷ್ಟೋ ಮಂದಿ. ಅದಕ್ಕಿಂತ ಎಷ್ಟೋ ಹಳೆಯದಾದ ಬಲೀಂದ್ರನ ಕಲಶ ಮನೆಗಳಿಂದ ಮರೆಯಾಗುತ್ತಿರುವುದಕ್ಕೆ ಅಷ್ಟು ಅಳಲು ಕೇಳಿಬಂದಿಲ್ಲ. ಕೊಟ್ಟಿಗೆಗಳು ಬರಿದಾಗಿ ಗೋಪೂಜೆ ಚಿತ್ರಕ್ಕೆ ಇಳಿದಿದೆ, ಗಾಣಿಗರ ಎಣ್ಣೆಯ ಜಾಗಕ್ಕೆ ಕಾರ್ಖಾನೆಯ ಮೇಣ ಬಂದಿದೆ, ದೂರದರ್ಶನ ಮತ್ತು ಜಾಹೀರಾತುಗಳು ಉತ್ತರ ಭಾರತದ ಅಮಾವಾಸ್ಯೆಯ ಹಬ್ಬವನ್ನೇ ಎಲ್ಲರ ದೀಪಾವಳಿಯೆಂದು ತೋರಿಸುತ್ತಿವೆ. ಆದರೂ ಕರ್ನಾಟಕ ಸರ್ಕಾರದ ರಜೆಯ ಪಟ್ಟಿ ನಾಡಿನ ಹಳೆಯ ತಿಳಿವಳಿಕೆಯನ್ನು ಬಿಟ್ಟುಕೊಟ್ಟಿಲ್ಲ: 2025ರಲ್ಲಿ ಅಕ್ಟೋಬರ್ 20ರ ನರಕ ಚತುರ್ದಶಿಗೂ 22ರ ಬಲಿಪಾಡ್ಯಮಿಗೂ ರಜೆಯಿತ್ತು, ನಡುವಿನ 21ಕ್ಕೆ ಇರಲಿಲ್ಲ.

ಅಂಟಿಗೆ ಪಂಟಿಗೆಯ ಪದಗಳನ್ನು ಬಲ್ಲವರಲ್ಲಿ ಬಹುಪಾಲು ಮಂದಿಗೆ ವಯಸ್ಸಾಗಿದೆ. ಬಲಿಯೇಂದ್ರನ ಪಾಡ್ದನವನ್ನು ಪೂರ್ತಿಯಾಗಿ ಹೇಳಬಲ್ಲವರೂ ವಿರಳವಾಗುತ್ತಿದ್ದಾರೆ. ಜಾನಪದ ವಿದ್ವಾಂಸರು ಸಂಗ್ರಹಿಸಿದ್ದು ಬೆಲೆಬಾಳುವ ಕೆಲಸವಾದರೂ ಪ್ರತಿ ಊರಿನ ಪಾಠ ಬೇರೆ, ಪ್ರತಿ ತಂಡದ ಧಾಟಿ ಬೇರೆಯಾಗಿರುವುದರಿಂದ ಉಳಿದಿರುವ ಕೆಲಸವೇ ಹೆಚ್ಚು. ಈ ಸಂಪ್ರದಾಯವಿರುವ ಮನೆಗಳ ಕಿರಿಯರು ಹಬ್ಬಕ್ಕೆ ಊರಿಗೆ ಹೋದಾಗ, ಹಿರಿಯರ ಬಳಿ ಕೂತು, ಅವರು ಹಾಡಿದ್ದನ್ನು ಹಾಡಿದಂತೆಯೇ ಊರಿನ ಹೆಸರು, ಹಾಡಿದವರ ಹೆಸರು ಸಹಿತ ಧ್ವನಿಮುದ್ರಿಸಿ, ಬರೆದಿಟ್ಟುಕೊಳ್ಳಬೇಕು.